ಅಕ್ಷಹೃದಯವೂ ಫಲತ್ಯಾಗವೂ

ವನಪರ್ವದಲ್ಲಿ ಬೃಹದಶ್ವನೆಂಬ ಮಹರ್ಷಿಯು ಪಾಂಡವರನ್ನು ಕಾಣಲು ಕಾಮ್ಯಕವನಕ್ಕೆ ಬಂದಾಗ, ಅವನನ್ನು ಯಥಾವಿಧಿಯಾಗಿ ಸತ್ಕರಿಸಿ ಕುಳ್ಳಿರಿಸಿದ ಧರ್ಮರಾಯನು, ದ್ಯೂತದಲ್ಲಿ ತಾನು ಸರ್ವಸ್ವವನ್ನೂ ಕಳೆದುಕೊಂಡ ಬಗೆಯನ್ನು ವಿವರಿಸಿ, ತನಗಿಂತ ಭಾಗ್ಯಹೀನನಾದ ದೊರೆಯನ್ನು ಪೂಜ್ಯರು ಎಂದಾದರೂ ಕಂಡುದುಂಟೆ, ಕೇಳಿದುದುಂಟೆ ಎಂದು ವಿಚಾರಿಸುತ್ತಾನೆ. ರಾಜ್ಯ ಹೋದ ದುಃಖ, ಪತ್ನಿಗಾದ ಅಪಮಾನದ ದುಃಖ, ಭೀಮನ ಚುಚ್ಚುಮಾತುಗಳನ್ನು ಕೇಳಬೇಕಾದ ದುಃಖ ಇವೆಲ್ಲ ಇದ್ದೇ ಇದ್ದರೂ, ಆ ಗಳಿಗೆಯಲ್ಲಿ ಅವನ ಬಾಯಿಂದ ಹೊರಟ ಪ್ರಶ್ನೆ ಮಾತ್ರ ಕೇವಲ ಜೂಜುಗಾರನದು: ಇಷ್ಟು ಕೆಟ್ಟ ದಾಳ ಇನ್ನಾರಿಗಾದರೂ ಬಿದ್ದಿದೆಯೆ? ಋಷಿಯಾದವನು ಇಂಥ ಪ್ರಶ್ನೆಗೆ ಉತ್ತರವಾಗಿ ದ್ಯೂತದ ದೋಷಗಳನ್ನು ಕುರಿತು ದೀರ್ಘವಾದ ಉಪದೇಶವನ್ನು ಮಾಡುವನೆಂದು ನಾವು ನಿರೀಕ್ಷಿಸುತ್ತೇವೆ. ಬೃಹದಶ್ವನು ಹಾಗೆ ಮಾಡುವುದಿಲ್ಲ. ಮೊದಲು ನಳನ ಕಥೆಯನ್ನು ಹೇಳುತ್ತಾನೆ. ಅನಂತರ, ಬಲ್ಲವರಾರಾದರೂ ಮತ್ತೆ ಆಟಕ್ಕೆ ಕರೆದಾರೆಂಬ ಭಯವನ್ನು ನೀಗುವುದಕ್ಕಾಗಿ, ಅಕ್ಷಹೃದಯವೆಂಬ ವಿದ್ಯೆಯನ್ನೇ ಧರ್ಮರಾಯನಿಗೆ ಅನುಗ್ರಹಿಸಿ ಹೊರಟುಹೋಗುತ್ತಾನೆ. ಧರ್ಮದ ಮೂರ್ತಿಯೆನಿಸಿದವನ ಸಂತಾಪಕ್ಕೆ ವೈರಾಗ್ಯವನ್ನು ಮದ್ದಾಗಿ ಕೊಡದೆ ದಾಳದ ಜ್ಞಾನವನ್ನು ಕೊಟ್ಟ ಈ ಋಷಿಯ ನಡೆ ವಿಚಾರಕ್ಕೆ ಅರ್ಹವಾದುದು.

ಬಹುಕಾಲ ನಾನು ಈ ಪ್ರಸಂಗದಲ್ಲಿ ನಿಲ್ಲದೆ ಮುಂದಕ್ಕೆ ಓದಿಕೊಂಡು ಹೋಗುತ್ತಿದ್ದೆ. ಅದು ನನ್ನನ್ನು ತಡೆದು ನಿಲ್ಲಿಸತೊಡಗಿದುದು, ನಡುವಯಸ್ಸು ಕಳೆದ ಮೇಲೆ ಕುತೂಹಲಕ್ಕೆಂದು ಆರಂಭಿಸಿದ ಅಂತರ್ಜಾಲದ ಪೋಕರ್ ಟೂರ್ನಮೆಂಟುಗಳು ಹವ್ಯಾಸವಾಗಿ ಬೆಳೆದ ಅನಂತರ. ಹೀಗೆಂದೊಡನೆ ಕೆಲವು ಓದುಗರು ಹುಬ್ಬು ಗಂಟಿಕ್ಕಬಹುದು. ಯುಗಾದಿಯ ಮರುದಿನ, ಹೊಸತೊಡಕಿನಂದು, ಹಳೆಯ ಮೈಸೂರಿನ ಎಷ್ಟೋ ಹಳ್ಳಿಗಳ ಜಗಲಿಗಳ ಮೇಲೆ ಇಸ್ಪೀಟಿನ ಎಲೆಗಳು ಹಾಡಹಗಲೇ ಬೀಳುವುದನ್ನೂ, ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಆಟಗಳಿಗೆ ಶ್ರೀತತ್ತ್ವನಿಧಿಯಂಥ ಗ್ರಂಥದಲ್ಲಿಯೇ ಸ್ಥಾನವಿತ್ತುದನ್ನೂ ಅವರು ನೆನೆದುಕೊಂಡರೆ ಸಾಕು. ಆಟವನ್ನು ಸಮರ್ಥಿಸುವುದು ನನ್ನ ಉದ್ದೇಶವಲ್ಲ. ಆಟದಲ್ಲಿ ಹುಟ್ಟುವ ಒಂದು ಅಳಲನ್ನು ಪರೀಕ್ಷಿಸಬೇಕೆಂಬುದಷ್ಟೇ ನನ್ನ ಅಪೇಕ್ಷೆ.

ಕ್ರಮವನ್ನರಿಯದವರಿಗಾಗಿ ನಾಲ್ಕು ಮಾತು. ಪ್ರತಿಯೊಬ್ಬ ಆಟಗಾರನಿಗೂ ಮುಚ್ಚಿದ ಎರಡು ಎಲೆಗಳು ಬರುತ್ತವೆ. ಅನಂತರ ಎಲ್ಲರಿಗೂ ಸಮಾನವಾದ ಐದು ಎಲೆಗಳು, ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಒಂದು ಎಂಬಂತೆ, ಮೇಜಿನ ನಡುವೆ ತೆರೆದುಕೊಳ್ಳುತ್ತವೆ. ಈ ಏಳರಲ್ಲಿ ಉತ್ತಮವಾದ ಐದನ್ನು ಕೂಡಿಸಿದವನದು ಗೆಲವು; ಅಥವಾ ಎದುರಾಳಿಗಳೆಲ್ಲರೂ ಪಣಕ್ಕೆ ಅಂಜಿ ಎಲೆಗಳನ್ನು ಕೆಳಗಿಟ್ಟರೆ ಉಳಿದೊಬ್ಬನದು. ಆ ಕೊನೆಯ ಎಲೆಗೆ ಆಟಗಾರರು ರಿವರ್ ಎನ್ನುತ್ತಾರೆ. ಟೂರ್ನಮೆಂಟಿನಲ್ಲಿ ಎಲ್ಲರೂ ಒಂದೇ ಪ್ರವೇಶಧನವನ್ನು ಕಟ್ಟಿ ಒಂದೇ ಸಂಖ್ಯೆಯ ಬಿಲ್ಲೆಗಳನ್ನು ಪಡೆಯುತ್ತಾರೆ. ಗೆದ್ದ ಬಿಲ್ಲೆಗಳನ್ನು ನಡುವೆ ಹಣವಾಗಿ ಮಾಡಿಕೊಂಡು ಎದ್ದುಹೋಗುವಂತಿಲ್ಲ. ಬ್ಲೈಂಡ್ ಎಂಬ ಕಡ್ಡಾಯದ ಪಣವು ಕೆಲವು ನಿಮಿಷಗಳಿಗೊಮ್ಮೆ ಏರುತ್ತಲೇ ಹೋಗುವುದರಿಂದ ಸುಮ್ಮನೆ ಕುಳಿತವನೂ ಸವೆಯುತ್ತಾನೆ. ಬಿಲ್ಲೆ ಮುಗಿದವನು ಹೊರಗೆ. ನೂರು ಮಂದಿ ಕುಳಿತರೆ ಸಾಮಾನ್ಯವಾಗಿ ಹತ್ತು ಹದಿನೈದು ಮಂದಿಗೆ ಮಾತ್ರ ಏನಾದರೂ ದಕ್ಕುತ್ತದೆ, ಅದರಲ್ಲಿಯೂ ದೊಡ್ಡ ಪಾಲು ಕಟ್ಟಕಡೆಯಲ್ಲಿ ಉಳಿದ ಇಬ್ಬರು ಮೂವರಿಗೆ.

ಊಟ ಮುಗಿದು ಮನೆಯವರೆಲ್ಲ ಮಲಗಿದ ಮೇಲೆ ಕಂಪ್ಯೂಟರಿನ ಮುಂದೆ ಕುಳಿತ ಹವ್ಯಾಸಿಯು, ನೋಡುವವರಿಗೆ ಏನನ್ನೂ ಮಾಡುತ್ತಿಲ್ಲವೆಂಬಂತೆ ತೋರಬಹುದು. ಬಂದ ಎಲೆಗಳಲ್ಲಿ ಬಹುಪಾಲನ್ನು ಅವನು ನೋಡಿದೊಡನೆಯೆ ಕೆಳಗಿಡುತ್ತಾನೆ. ಎರಡು ಎಕ್ಕಗಳು ಕೈಗೆ ಬರುವುದು ಸರಾಸರಿ 221 ಸಲಕ್ಕೊಮ್ಮೆ. ಕಾಣದ ಎದುರಾಳಿಗಳ ಸ್ವಭಾವವನ್ನು ಅವರು ಪಣವೊಡ್ಡುವ ವೇಗದಿಂದಲೂ ಪ್ರಮಾಣದಿಂದಲೂ ಊಹಿಸುತ್ತ, ಮೂರು ನಾಲ್ಕು ಗಂಟೆಗಳ ಕಾಲ ಚಾಪಲ್ಯವನ್ನು ಅದುಮಿಕೊಂಡು, ಬಹುಮಾನದ ಅಂಚಿಗೆ ಇನ್ನೇನು ಬಂದನೆಂಬ ಹೊತ್ತಿಗೆ, ನಿರೀಕ್ಷಿಸಿದ ಎರಡು ಎಕ್ಕಗಳು ಬರುತ್ತವೆ. ತನ್ನ ಬಿಲ್ಲೆಗಳನ್ನೆಲ್ಲ ಮುಂದೆ ನೂಕುತ್ತಾನೆ. ಎದುರಿನವನು ಎರಡು ರಾಜಗಳನ್ನು ತೆರೆಯುತ್ತಾನೆ. ಎಕ್ಕಗಳು ಗೆಲ್ಲುವುದು ನೂರಕ್ಕೆ ಸುಮಾರು 82 ಸಲ. ನಾಲ್ಕು ಎಲೆಗಳು ನಿರಪಾಯವಾಗಿ ಬೀಳುತ್ತವೆ. ರಿವರಿನಲ್ಲಿ ರಾಜನು ಬರುತ್ತಾನೆ. ಪರದೆಯ ಮೇಲೆ ನಿಮ್ಮ ಸ್ಥಾನ ಇಂತಿಷ್ಟನೆಯದು, ವಂದನೆಗಳು ಎಂಬ ಒಂದು ಸಾಲು ಮೂಡುತ್ತದೆ. ಅಷ್ಟರಲ್ಲಿಯೆ ಆ ಮೇಜು ಬೇರೆಯವರಿಗೆ ಎಲೆ ಹಂಚತೊಡಗಿರುತ್ತದೆ.

ಆಗ ಆಗುವ ಸಂಕಟವು ಹಣದ್ದಲ್ಲವೆಂಬುದನ್ನು ಆಡಿದವರು ಬಲ್ಲರು. ಪ್ರವೇಶಧನವು ಎಷ್ಟೋ ಸಲ ಒಂದು ಸಿನಿಮಾ ಟಿಕೆಟಿನ ಬೆಲೆಯನ್ನೂ ಮೀರಿರುವುದಿಲ್ಲ. ತಪ್ಪು ಮಾಡಿ ಸೋತಾಗ ಮನುಷ್ಯನು ತನ್ನನ್ನೇ ಬೈದುಕೊಂಡು ನಿದ್ದೆಹೋಗಬಲ್ಲನು. ಸರಿಯಾದುದನ್ನು ಮಾಡಿ, ತಾಳ್ಮೆಯಿಂದ ಮಾಡಿ, ಕೊನೆಯ ಎಲೆಯವರೆಗೂ ಮುಂದಿದ್ದು ಸೋತಾಗ ಅವನಿಗೆ ಬೈಯಲು ಯಾರೂ ಸಿಕ್ಕುವುದಿಲ್ಲ. ಬೈಯಲು ಯಾರೂ ಇಲ್ಲದ ಕಡೆ ಮನಸ್ಸು ಒಬ್ಬನನ್ನು ಸೃಷ್ಟಿಸಿಕೊಳ್ಳುತ್ತದೆ. ಎಲೆ ಕಲಸುವ ಯಂತ್ರಕ್ಕೆ ತನ್ನ ಮೇಲೆ ಹಗೆಯಿದೆ. ಮೊನ್ನೆ ಬಹುಮಾನದ ಹಣವನ್ನು ಬ್ಯಾಂಕಿಗೆ ತೆಗೆದುಕೊಂಡುದಕ್ಕಾಗಿ ಇಂದು ಸೇಡು ತೀರಿಸಿಕೊಳ್ಳುತ್ತಿದೆ. ಹೊಸಬರನ್ನು ಗೆಲ್ಲಿಸಿ ಹಳಬರನ್ನು ಹಿಂಡುತ್ತದೆ. ಮೇಜಿನ ಮೂಲೆಯಲ್ಲಿ ಹರಟೆಗೆಂದು ಬಿಟ್ಟ ಚೌಕದಲ್ಲಿ ಇಂಥ ಮಾತುಗಳು ಮಧ್ಯರಾತ್ರಿಯವರೆಗೂ ಹರಿಯುತ್ತಲೇ ಇರುತ್ತವೆ. ಮೊದಮೊದಲು ನನಗೆ ಇವು ನಗೆಯನ್ನು ತರಿಸುತ್ತಿದ್ದವು. ಆಮೇಲಾಮೇಲೆ ಇವುಗಳಲ್ಲಿ, ಸಜ್ಜನನಿಗೆ ಕಷ್ಟವೇಕೆ ಬರುತ್ತದೆಯೆಂಬ ಪ್ರಾಚೀನವಾದ ಮತಧರ್ಮಗಳ ಪ್ರಶ್ನೆಯನ್ನೇ ಕೇಳಿದಂತಾಗತೊಡಗಿತು. ಧರ್ಮರಾಯನು ಅರಣ್ಯದಲ್ಲಿ ಕೇಳಿದುದೂ ಇದನ್ನೇ ಅಲ್ಲವೆ?

ಆಟದ ಆಚಾರ್ಯರ ಬಳಿ ಇದಕ್ಕೆ ಸಿದ್ಧವಾದ ಒಂದು ಉತ್ತರವಿದೆ. ನಿರ್ಣಯವನ್ನು ನೋಡು, ಫಲಿತಾಂಶವನ್ನು ನೋಡಬೇಡ. ಎಕ್ಕಗಳನ್ನು ಹಿಡಿದು ಎಲ್ಲವನ್ನೂ ಒಡ್ಡಿದುದು ಸರಿಯಾಗಿದ್ದರೆ ರಿವರಿನಲ್ಲಿ ಏನು ಬಂದರೂ ನೀನು ಸರಿಯಾಗಿಯೇ ಆಡಿದೆ ಎನ್ನುವುದು ಅವರ ಬೋಧೆಯ ಸಾರ. ಗಣಿತವೂ ಅವರ ಪರವಾಗಿದೆ. ನೂರಕ್ಕೆ 82ರಷ್ಟು ಮುಂದಿರುವ ಸ್ಥಿತಿಯಲ್ಲಿ ಐದು ಸಲ ಸರ್ವಸ್ವವನ್ನು ಒಡ್ಡಿದವನು ಐದು ಸಲವೂ ಉಳಿಯುವ ಸಂಭವ ನೂರಕ್ಕೆ 37 ಮಾತ್ರ. ಒಂದು ಟೂರ್ನಮೆಂಟನ್ನು ಗೆಲ್ಲಬೇಕಾದರೆ ಇಂಥ ಕಂಟಕಗಳನ್ನು ಅದಕ್ಕಿಂತಲೂ ಹೆಚ್ಚು ಸಲ ದಾಟಬೇಕಾಗಬಹುದು. ಆದ್ದರಿಂದ ಸೋಲನ್ನು ಅಪವಾದವೆಂದು ಭಾವಿಸುವುದೇ ಅವಿವೇಕ. ಈ ಬೋಧೆಯನ್ನು ಕೇಳಿದ ಭಾರತೀಯನು, ಇದು ನಮ್ಮ ಗೀತೆಯ ನಿಷ್ಕಾಮಕರ್ಮವೇ ಅಲ್ಲವೆ ಎಂದು ಉಲ್ಲಾಸಗೊಳ್ಳುವುದು ಸಹಜ. ಹಾಗೆಂದು ಹೇಳಿದವರನ್ನು ನಾನು ಕಂಡಿದ್ದೇನೆ, ಕೆಲವು ಕಾಲ ನಾನೂ ಒಳಗೊಳಗೆ ಹಾಗೆಯೇ ಹೇಳಿಕೊಂಡು ಸಮಾಧಾನಪಟ್ಟಿದ್ದೇನೆ.

ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಯಾವ ಕರ್ಮವಾದರೂ ಸಿದ್ಧಿಸುವುದಕ್ಕೆ ಐದು ಕಾರಣಗಳನ್ನು ಎಣಿಸಿದೆ: ಅಧಿಷ್ಠಾನ, ಕರ್ತೃ, ಕರಣಗಳು, ನಾನಾ ವಿಧವಾದ ಚೇಷ್ಟೆಗಳು, ಐದನೆಯದಾಗಿ ದೈವ. ಇವುಗಳಲ್ಲಿ ಕರ್ತೃವೊಬ್ಬನನ್ನೇ ಕಾರಣವೆಂದು ಭಾವಿಸಿದವನ ಬುದ್ಧಿ ಸಂಸ್ಕಾರವಿಲ್ಲದುದು ಎಂಬ ಅಭಿಪ್ರಾಯವೂ ಅಲ್ಲಿಯೇ ಬರುತ್ತದೆ. ಪೋಕರಿನಷ್ಟು ನಿಚ್ಚಳವಾಗಿ ಈ ಪಂಚಕಾರಣಗಳನ್ನು ಬಿಡಿಸಿ ತೋರಿಸುವ ಲೌಕಿಕ ವ್ಯವಹಾರವನ್ನು ನಾನು ಬೇರೆ ಕಂಡಿಲ್ಲ. ಬೇಸಾಯದಲ್ಲಿಯೂ ವ್ಯಾಪಾರದಲ್ಲಿಯೂ ಸೋತವನು ತನ್ನ ಪಾಲಿನ ತಪ್ಪೆಷ್ಟು, ಕಾಲದ ಪಾಲೆಷ್ಟು ಎಂದು ಸಾಯುವವರೆಗೂ ಜಿಜ್ಞಾಸೆ ಮಾಡುತ್ತಿರಬಹುದು. ಇಲ್ಲಿ ಎಲೆಗಳು ತೆರೆದೊಡನೆ ಕರ್ತೃವಿನ ಪಾಲು 82, ದೈವದ ಪಾಲು 18 ಎಂದು ಅಂಕೆಗಳೇ ಪರದೆಯ ಮೇಲೆ ಹೊಳೆಯುತ್ತವೆ.

ಹವ್ಯಾಸಿಗಳ ಪುರಾಣದಲ್ಲಿ ಪ್ರಥಮಪುರುಷನೆನಿಸಿದ ಕ್ರಿಸ್ ಮನಿಮೇಕರನ ವೃತ್ತಾಂತವನ್ನು ಇಲ್ಲಿ ಹೇಳಬೇಕು. ಅವನು ಅಮೆರಿಕದ ಟೆನೆಸ್ಸಿ ಸಂಸ್ಥಾನದಲ್ಲಿ ಲೆಕ್ಕಪತ್ರದ ಉದ್ಯೋಗದಲ್ಲಿದ್ದ 27ರ ತರುಣ. ನೂರು ಡಾಲರಿಗೂ ಕಡಮೆ ಹಣ ಕಟ್ಟಿ ಅಂತರ್ಜಾಲದ ಒಂದು ಉಪಪಂದ್ಯವನ್ನು ಗೆದ್ದು, ಹತ್ತು ಸಾವಿರ ಡಾಲರುಗಳ ಪ್ರವೇಶಧನದ ಜಾಗತಿಕ ಪಂದ್ಯಾವಳಿಗೆ ಅರ್ಹತೆ ಪಡೆದು, 2003ರಲ್ಲಿ ಲಾಸ್ ವೇಗಸ್ ನಗರಕ್ಕೆ ಹೋದವನು, 839 ಮಂದಿಯನ್ನೊಳಗೊಂಡ ಆ ಕೂಟದಲ್ಲಿ ಪ್ರಥಮನಾಗಿ 25 ಲಕ್ಷ ಡಾಲರುಗಳನ್ನು ಗೆದ್ದನು. ಮೂರು ವರ್ಷಗಳಲ್ಲಿ ಅದೇ ಪಂದ್ಯಕ್ಕೆ 8,773 ಮಂದಿ ಬಂದರು. ಅವನ ಆಟದಲ್ಲಿ ಎರಡು ಘಟ್ಟಗಳು ಪ್ರಸಿದ್ಧವಾಗಿವೆ. ಕೊನೆಯ ಹತ್ತು ಮಂದಿ ಉಳಿದಾಗ, ಫಿಲ್ ಐವಿ ಎಂಬ ಮಹಾನಿಪುಣನೆದುರು ಅವನು ಎಕ್ಕ ಮತ್ತು ರಾಣಿಯನ್ನು ಹಿಡಿದಿದ್ದನು. ಐವಿಯ ಕೈಯಲ್ಲಿ ಎರಡು ಒಂಬತ್ತುಗಳು. ಮೇಜಿನ ಮೇಲೆ ಎರಡು ರಾಣಿಗಳು ಬಿದ್ದು ಹವ್ಯಾಸಿ ಮುಂದಾದನು. ನಾಲ್ಕನೆಯ ಎಲೆಯಾಗಿ ಒಂಬತ್ತು ಬಿದ್ದು ನಿಪುಣನು ಮುಂದಾದನು. ಉಳಿದ 44 ಎಲೆಗಳಲ್ಲಿ ಏಳು ಮಾತ್ರ ಹವ್ಯಾಸಿಯನ್ನು ಗೆಲ್ಲಿಸಬಲ್ಲವಾಗಿದ್ದಾಗ ರಿವರಿನಲ್ಲಿ ಎಕ್ಕ ಬಂದು ಐವಿ ಹೊರಬಿದ್ದನು. ಎರಡನೆಯದು, ಕಟ್ಟಕಡೆಯಲ್ಲಿ ಸ್ಯಾಮ್ ಫಾರ್ಹಾ ಎಂಬವನೆದುರು, ಕೈಯಲ್ಲಿ ಒಂದು ಜೋಡಿಯೂ ಇಲ್ಲದೆ ಬಿಲ್ಲೆಗಳನ್ನೆಲ್ಲ ಒಡ್ಡಿದುದು; ಒಂಬತ್ತರ ಜೋಡಿ ಹಿಡಿದಿದ್ದ ಫಾರ್ಹಾ ಬಹಳ ಹೊತ್ತು ಯೋಚಿಸಿ ಎಲೆ ಕೆಳಗಿಟ್ಟನು. ಮೊದಲನೆಯದರಲ್ಲಿ ದೈವವು ಅವನನ್ನು ಎತ್ತಿತು, ಎರಡನೆಯದರಲ್ಲಿ ಪೌರುಷ. ಆ ಪೌರುಷವು ಅಸತ್ಯದ ಅಂಗಿಯನ್ನು ತೊಟ್ಟುದೆಂಬುದು ಬೇರೆ ಮಾತು. ವಂಚಕರಲ್ಲಿ ತಾನು ದ್ಯೂತವಾಗಿರುವೆನೆಂದು ಗೀತಾಚಾರ್ಯನೇ ವಿಭೂತಿಯೋಗದಲ್ಲಿ ಹೇಳಿಕೊಂಡಿರುವುದರಿಂದ, ಅದನ್ನು ಇಲ್ಲಿ ಕೆದಕುವುದಿಲ್ಲ. ಜನರು ಮನಿಮೇಕರನ ಧೈರ್ಯವನ್ನು ನೆನೆಯುತ್ತಾರೆ. ರಿವರಿನಲ್ಲಿ ಬಂದ ಆ ಎಕ್ಕವನ್ನು ಐವಿ ಎಷ್ಟು ದಿನ ನೆನೆದಿರಬಹುದೆಂದು ಕೇಳುವವರು ಕಡಮೆ.

ಈಗ ದೈವವೆಂಬ ಆ ಐದನೆಯ ಕಾರಣದ ಸ್ವರೂಪವನ್ನು ನೋಡೋಣ. ನಮ್ಮ ಶಾಸ್ತ್ರಗಳಲ್ಲಿ ದೈವವು ಕುರುಡಲ್ಲ. ಯಾಗಕ್ಕೂ ಸ್ವರ್ಗಕ್ಕೂ ನಡುವೆ ಅಪೂರ್ವವೆಂಬ ಶಕ್ತಿಯೊಂದನ್ನು ಮೀಮಾಂಸಕರು ಕಲ್ಪಿಸಿದರು. ನ್ಯಾಯವೈಶೇಷಿಕರು ಅದೃಷ್ಟವನ್ನು ಆತ್ಮದ ಗುಣವಾಗಿಯೇ ಎಣಿಸಿದರು. ಜೈನರು ಕರ್ಮವನ್ನು ಜೀವಕ್ಕೆ ಅಂಟಿಕೊಳ್ಳುವ ಸೂಕ್ಷ್ಮದ್ರವ್ಯವೆಂದರು. ಪರಸ್ಪರ ವಿರುದ್ಧವಾದ ಈ ದರ್ಶನಗಳೆಲ್ಲವೂ ಒಪ್ಪುವ ಒಂದು ಅಂಶವೆಂದರೆ ಮಾಡಿದುದು ವ್ಯರ್ಥವಾಗುವುದಿಲ್ಲ, ಅದರ ನೆನಪು ಎಲ್ಲಿಯೋ ಉಳಿದಿರುತ್ತದೆ ಎಂಬುದು. ಯೋಗವಾಸಿಷ್ಠದ ವಸಿಷ್ಠನಂತೂ ದೈವವೆಂಬುದೊಂದು ಪ್ರತ್ಯೇಕವಾಗಿ ಇಲ್ಲವೆಂದೂ ಹಿಂದಿನ ಪೌರುಷವೇ ಆ ಹೆಸರಿನಿಂದ ಬರುವುದೆಂದೂ ರಾಮನಿಗೆ ಬೋಧಿಸುತ್ತಾನೆ. ಎಲೆ ಕಲಸುವ ಯಂತ್ರಕ್ಕೆ ಈ ನೆನಪು ಇಲ್ಲ. ಹಿಂದಿನ ಕೈಯಲ್ಲಿ ನಾನು ಅನ್ಯಾಯವಾಗಿ ಸೋತೆನೆಂಬುದಾಗಲಿ, ಈ ರಾತ್ರಿ ಮೂರು ಗಂಟೆ ತಪಸ್ಸಿನಂತೆ ಕಾದೆನೆಂಬುದಾಗಲಿ ಅದರ ಲೆಕ್ಕಕ್ಕೆ ಬರುವುದಿಲ್ಲ. ಪ್ರತಿಯೊಂದು ಕೈಯೂ ಅದಕ್ಕೆ ಸೃಷ್ಟಿಯ ಮೊದಲ ದಿನ. ಶ್ವೇತಾಶ್ವತರೋಪನಿಷತ್ತಿನ ಆರಂಭದಲ್ಲಿ, ಜಗತ್ತಿಗೆ ಮೂಲವಾವುದೆಂದು ಚರ್ಚಿಸುವ ಬ್ರಹ್ಮವಾದಿಗಳು ಕಾಲ, ಸ್ವಭಾವ, ನಿಯತಿಗಳೊಡನೆ ಯದೃಚ್ಛೆಯ ಹೆಸರನ್ನೂ ಎತ್ತಿ, ಅದನ್ನು ಒಪ್ಪದೆ ಮುಂದೆ ಸಾಗುತ್ತಾರೆ. ಅವರು ಬಿಟ್ಟುಹೋದ ಆ ಯದೃಚ್ಛೆಯೇ ಈ ಮೇಜಿನ ಅಧಿದೇವತೆ. ಕರ್ಮಸಿದ್ಧಾಂತದಲ್ಲಿ ಬೆಳೆದ ಮನಸ್ಸು ಅದರೆದುರು ಕುಳಿತು, ನೆನಪಿಲ್ಲದುದಕ್ಕೆ ನೆನಪನ್ನು ಆರೋಪಿಸಿ, ಆಮೇಲೆ ಅದರೊಡನೆ ಜಗಳಕ್ಕೆ ನಿಲ್ಲುತ್ತದೆ.

ಯಂತ್ರದ ಯದೃಚ್ಛೆಯೂ ನಿಜವಾದ ಯದೃಚ್ಛೆಯೆ ಎಂಬ ಶಂಕೆ ಬರಬಹುದು. ಅಂತರ್ಜಾಲದಲ್ಲಿ ಹಣದ ಪೋಕರ್ ಆರಂಭವಾದುದು 1998ರಲ್ಲಿ. ಮರುವರ್ಷವೇ ಅಮೆರಿಕದ ಕೆಲವು ತಂತ್ರಾಂಶ ಪರಿಣತರು ಒಂದು ಕುತೂಹಲಕರವಾದ ಸಂಗತಿಯನ್ನು ಬಯಲಿಗೆಳೆದರು. ತನ್ನ ಪ್ರಾಮಾಣಿಕತೆಯನ್ನು ಲೋಕಕ್ಕೆ ತೋರಿಸಲೆಂದು ಆಟದ ತಂತ್ರಾಂಶವನ್ನು ರಚಿಸಿದ ಒಂದು ಸಂಸ್ಥೆಯು ಎಲೆ ಕಲಸುವ ವಿಧಾನವನ್ನೇ ಪ್ರಕಟಿಸಿತ್ತು. 52 ಎಲೆಗಳನ್ನು ಜೋಡಿಸುವ ಕ್ರಮಗಳನ್ನೆಲ್ಲ ಎಣಿಸಿದರೆ ಬರುವುದು 68 ಅಂಕೆಗಳ ಸಂಖ್ಯೆ. ಆ ವಿಧಾನವಾದರೋ ಮಧ್ಯರಾತ್ರಿಯಿಂದ ಎಷ್ಟು ಮಿಲಿಸೆಕೆಂಡು ಕಳೆದಿದೆಯೆಂಬುದನ್ನು ಬೀಜವಾಗಿಟ್ಟುಕೊಂಡು ಎಲೆ ಕಲಸುತ್ತಿದ್ದುದರಿಂದ, ದಿನವೊಂದರಲ್ಲಿ 8 ಕೋಟಿ 64 ಲಕ್ಷ ಜೋಡಣೆಗಳಿಗಿಂತ ಹೆಚ್ಚು ಸಾಧ್ಯವೇ ಇರಲಿಲ್ಲ. ಗಡಿಯಾರವನ್ನು ಹೊಂದಿಸಿಕೊಂಡರೆ ಆ ಸಂಖ್ಯೆ ಇನ್ನೂ ಕುಗ್ಗಿ, ಮೇಜಿನ ಮೇಲೆ ಬಿದ್ದ ಕೆಲವೇ ಎಲೆಗಳಿಂದ ಮುಂದೆ ಬೀಳುವುದನ್ನೆಲ್ಲ ಹೇಳಿಬಿಡಬಹುದಾಗಿತ್ತು. ಆಡುವವರು ಯಾವುದನ್ನು ದೈವವೆಂದು ಶಪಿಸುತ್ತಿದ್ದರೋ ಅದು ಒಂದು ಗಡಿಯಾರವಾಗಿತ್ತು. ದೋಷವನ್ನು ಕೂಡಲೇ ತಿದ್ದಿದರು. ಈಗಿನ ಯಂತ್ರಗಳು ಸಾಮಾನ್ಯವಾಗಿ ಭೌತಿಕ ಪ್ರಕ್ರಿಯೆಗಳಿಂದ ಅನಿಶ್ಚಿತತೆಯನ್ನು ಸಂಗ್ರಹಿಸುತ್ತವೆ. ಆದರೂ ಆ ಪರಿಣತರು ಕಂಡುದನ್ನು ಅಕ್ಷಹೃದಯವೆನ್ನದೆ ಬೇರೇನೆನ್ನುವುದು?

ಬೃಹದಶ್ವನ ಕಥೆಯಲ್ಲಿ ಆ ವಿದ್ಯೆ ನಳನಿಗೆ ದೊರೆತ ಸಂದರ್ಭವು ಎಷ್ಟು ಸಲ ಓದಿದರೂ ಸವೆಯದುದು. ಬಾಹುಕನೆಂಬ ಹೆಸರಿನಲ್ಲಿ ಸಾರಥಿಯಾಗಿ ಋತುಪರ್ಣರಾಜನನ್ನು ವಿದರ್ಭಕ್ಕೆ ಕರೆದೊಯ್ಯುತ್ತಿದ್ದಾಗ, ದಾರಿಯಲ್ಲಿ ಕಂಡ ತಾರೆಯ ಮರವೊಂದನ್ನು ನೋಡಿ ಆ ರಾಜನು, ಅದರ ಎರಡು ಕೊಂಬೆಗಳಲ್ಲಿ ಐದು ಕೋಟಿ ಎಲೆಗಳೂ 2,095 ಕಾಯಿಗಳೂ ಇವೆಯೆಂದು ಒಂದು ನೋಟದಲ್ಲಿಯೇ ಹೇಳುತ್ತಾನೆ. ಹೊತ್ತು ಮೀರುತ್ತಿದ್ದರೂ ಲೆಕ್ಕಿಸದೆ ರಥವನ್ನು ನಿಲ್ಲಿಸಿ ನಳನು ಎಣಿಸಿ ನೋಡುತ್ತಾನೆ, ಸರಿಯಾಗಿರುತ್ತದೆ. ತಾರೆಯ ಕಾಯಿಯೇ ಅಂದಿನ ದಾಳವಾದುದರಿಂದ ಮರದ ಗಣನೆಗೂ ಆಟದ ಗಣನೆಗೂ ನಂಟಿದೆ. ನಳನು ಬಲ್ಲ ಅಶ್ವಹೃದಯವೆಂಬ ಕುದುರೆಗಳ ವಿದ್ಯೆಗೆ ಬದಲಾಗಿ ಋತುಪರ್ಣನು ಅಕ್ಷಹೃದಯವನ್ನು ಕೊಟ್ಟೊಡನೆಯೆ ನಳನ ಮೈಯೊಳಗೆ ಅಷ್ಟು ಕಾಲ ನೆಲೆಸಿದ್ದ ಕಲಿಯು ವಿಷವನ್ನು ಕಾರುತ್ತ ಹೊರಬಂದು ಆ ಮರವನ್ನೇ ಸೇರುತ್ತಾನೆ. ಋಷಿಯು ಧರ್ಮರಾಯನಿಗೆ ಉಪದೇಶವನ್ನು ಬಿಟ್ಟು ವಿದ್ಯೆಯನ್ನೇಕೆ ಕೊಟ್ಟನೆಂಬುದಕ್ಕೆ ಇಲ್ಲಿ ಉತ್ತರವಿದೆಯೆಂದು ನನಗೆ ತೋರುತ್ತದೆ. ಎಣಿಸಬಲ್ಲವನಿಗೆ ಹಗೆಯಿಲ್ಲ. ಸೋಲು ಎಷ್ಟು ಸಲಕ್ಕೊಮ್ಮೆ ಬರಬೇಕೋ ಅಷ್ಟು ಸಲಕ್ಕೊಮ್ಮೆ ಬರುತ್ತಿದೆಯೆಂದು ಕಂಡವನ ಮುಂದೆ, ಕಲ್ಪಿಸಿಕೊಂಡ ವೈರಿ ನಿಲ್ಲಲಾರನು. ಐದರಲ್ಲಿ ಸುಮಾರು ಒಂದು ಸಲ ಎಕ್ಕಗಳು ಸೋಲತಕ್ಕವೇ ಎಂಬುದು ಬುದ್ಧಿಗೆ ಮಾತ್ರವಲ್ಲದೆ ನರಗಳಿಗೂ ಒಗ್ಗಿದ ಮೇಲೆ, ನನ್ನ ಮಟ್ಟಿಗೆ ಹೇಳುವುದಾದರೆ, ಯಂತ್ರದ ಮೇಲಣ ಕೋಪವು ನಿಜವಾಗಿಯೂ ಇಳಿಯಿತು.

ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ, ಮತ್ತು ಇದನ್ನು ನಮ್ಮ ಹರಿಕಥೆಗಳಲ್ಲಿ ಯಾರೂ ಒತ್ತಿ ಹೇಳಿದುದನ್ನು ನಾನು ಕೇಳಿಲ್ಲ. ಮೊದಲನೆಯ ದ್ಯೂತದಲ್ಲಿ, ಎಲ್ಲವನ್ನೂ ಗೆದ್ದ ತಮ್ಮನಾದ ಪುಷ್ಕರನು ಉಳಿದವಳು ದಮಯಂತಿಯೊಬ್ಬಳೇ, ಅವಳನ್ನೂ ಒಡ್ಡು ಎಂದು ಹಂಗಿಸಿದಾಗ, ಕಲಿಗ್ರಸ್ತನಾಗಿ ಬುದ್ಧಿಗೆಟ್ಟಿದ್ದ ನಳನು ಮಾತಾಡದೆ ಮೈಮೇಲಣ ಒಡವೆಗಳನ್ನು ಕಳಚಿಟ್ಟು ಎದ್ದುಹೋಗುತ್ತಾನೆ, ಅವಳನ್ನು ಒಡ್ಡುವುದಿಲ್ಲ. ವಿದ್ಯೆಯನ್ನು ಪಡೆದು, ಕಲಿಯಿಂದ ಬಿಡುಗಡೆ ಹೊಂದಿ, ಸ್ವಸ್ಥಚಿತ್ತನಾಗಿ ಮರಳಿ ಬಂದ ನಳನು, ಎರಡನೆಯ ದ್ಯೂತಕ್ಕೆ ಪುಷ್ಕರನನ್ನು ಕರೆದು, ತಾನು ಸಂಪಾದಿಸಿದ ಧನದೊಡನೆ ದಮಯಂತಿಯನ್ನೂ ಪಣವಾಗಿ ಒಡ್ಡುತ್ತಾನೆ. ಗೆಲ್ಲುತ್ತಾನೆ, ತಮ್ಮನನ್ನು ಕ್ಷಮಿಸುತ್ತಾನೆ, ಎಲ್ಲವೂ ಮಂಗಳವಾಗುತ್ತದೆ. ಆದರೂ ಅಜ್ಞಾನದಲ್ಲಿ ಒಡ್ಡದುದನ್ನು ಜ್ಞಾನದಲ್ಲಿ ಒಡ್ಡಿದನೆಂಬುದು ಉಳಿದೇ ಉಳಿಯುತ್ತದೆ. ಅಕ್ಷಹೃದಯವು ಅಳಲನ್ನು ಕಳೆಯಿತು. ಆಸೆಯನ್ನು ಕಳೆಯಲಿಲ್ಲ, ಅದಕ್ಕೆ ಭರವಸೆಯನ್ನು ಕೊಟ್ಟಿತು.

ಆಟದ ಆಚಾರ್ಯರ ಬೋಧೆಗೂ ನಿಷ್ಕಾಮಕರ್ಮಕ್ಕೂ ಇರುವ ಅಂತರವನ್ನು ನಾನು ಕಂಡುದು ಈ ಎಡೆಯಲ್ಲಿ. ಈ ಕೈಯ ಫಲವನ್ನು ನೋಡಬೇಡ ಎನ್ನುವವನು, ಹತ್ತು ಸಾವಿರ ಕೈಗಳ ಫಲವನ್ನು ನೋಡು ಎಂದೂ ಸೇರಿಸುತ್ತಾನೆ. ಒಬ್ಬ ಸಾಲಗಾರ ಓಡಿಹೋದುದಕ್ಕಾಗಿ ಸಾಹುಕಾರನು ಎದೆಗೆಡುವುದಿಲ್ಲ, ನೂರು ಸಾಲಗಳ ಬಡ್ಡಿಯಲ್ಲಿ ಆ ನಷ್ಟವನ್ನು ಅವನು ಮೊದಲೇ ಸೇರಿಸಿರುತ್ತಾನೆ. ಅವನ ಆ ಶಾಂತಿಯನ್ನು ಯಾರೂ ತ್ಯಾಗವೆನ್ನುವುದಿಲ್ಲ. ಕ್ಷಣದ ಫಲದಿಂದ ಕಣ್ಣನ್ನು ಕಿತ್ತು ಕಾಲದ ಫಲದ ಮೇಲೆ ನೆಡುವುದು ವಿವೇಕ. ಅದನ್ನು ನಾನು ಹೀಗಳೆಯಲಾರೆ, ಎಷ್ಟೋ ಜನರಿಗೆ ಅಷ್ಟಾದರೂ ಸಾಧ್ಯವಾಗುವುದಿಲ್ಲ. ಆದರೆ ಅರ್ಜುನನಿಗೆ ಹೇಳಿದುದು ಇದಲ್ಲ. ಅವನೆದುರಿಗಿದ್ದುದು ಒಂದೇ ಯುದ್ಧ, ಹತ್ತು ಸಾವಿರ ಯುದ್ಧಗಳ ಸರಾಸರಿಯಲ್ಲ. ಹವ್ಯಾಸಿಯ ಪಾಲಿಗೆ ಆ ದೀರ್ಘಕಾಲವೂ ಬರುವುದಿಲ್ಲವೆಂಬುದು ಇನ್ನೊಂದು ಮಾತು. ವಾರಕ್ಕೊಂದೆರಡು ರಾತ್ರಿ ಆಡುವವನ ಜೀವಮಾನದ ಟೂರ್ನಮೆಂಟುಗಳೆಲ್ಲ ಸೇರಿದರೂ, ಬಹುಮಾನವು ಕೊನೆಯ ಕೆಲವರಲ್ಲಿಯೇ ತುಂಬಿಕೊಂಡಿರುವ ಇಂಥ ಆಟದಲ್ಲಿ, ಕೌಶಲವು ಅದೃಷ್ಟವನ್ನು ಮೀರಿ ಸ್ಪಷ್ಟವಾಗಿ ಕಾಣಿಸಿಕೊಳ್ಳಲು ಸಾಲವು. ಅವನಿಗೆ ವಾಗ್ದಾನ ಮಾಡಿದ ಫಲವು ಮುಂದಿನ ಜನ್ಮದ ಸ್ವರ್ಗದಷ್ಟೇ ದೂರ. ಅದನ್ನು ತಂದುಕೊಡಲು ಇಲ್ಲಿ ಅಪೂರ್ವವೂ ಇಲ್ಲ.

ಫಲವು ಎಲ್ಲಿಂದ ಬರುತ್ತದೆಯೆಂಬುದನ್ನೂ ಕೇಳಬೇಕಲ್ಲವೆ? ಅಕ್ಷಹೃದಯವನ್ನು ಕಲಿತ ಧರ್ಮರಾಯನು ಅದನ್ನು ಬಳಸಿದುದು ಅಜ್ಞಾತವಾಸದಲ್ಲಿ. ಕಂಕನೆಂಬ ಹೆಸರಿನಿಂದ ವಿರಾಟನ ಆಸ್ಥಾನವನ್ನು ಸೇರಿ, ಆಟದ ಮರ್ಮವನ್ನರಿಯದವರೊಡನೆ ಪಗಡೆಯಾಡಿ, ಗೆದ್ದ ಧನವನ್ನು ವಿರಾಟನಿಗೆ ತಿಳಿಯದಂತೆ ತಮ್ಮಂದಿರಿಗೆ ಹಂಚುತ್ತಿದ್ದನೆಂದು ವ್ಯಾಸಭಾರತವು ಸಂಕೋಚವಿಲ್ಲದೆ ಹೇಳುತ್ತದೆ. ಶಕುನಿಯು ಇವನಿಗೆ ಮಾಡಿದುದನ್ನು ಇವನು, ಸೌಮ್ಯವಾದ ಪ್ರಮಾಣದಲ್ಲಿ, ಇನ್ನೊಬ್ಬರಿಗೆ ಮಾಡಿದನು. ನಿಪುಣನ ಸರಾಸರಿ ಲಾಭವೆಂಬುದು ಬೇರೆಯವರ ಸರಾಸರಿ ನಷ್ಟ. ಮೇಜಿನೊಡೆಯನ ಪಾಲು ಅದರ ಮೇಲಣದು. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ಸಿಕ್ಕಿ 1909ರಲ್ಲಿ ಅಚ್ಚಾದ ಅರ್ಥಶಾಸ್ತ್ರದಲ್ಲಿ ಕೌಟಿಲ್ಯನು, ದ್ಯೂತಾಧ್ಯಕ್ಷನು ಗೆದ್ದವನಿಂದ ನೂರಕ್ಕೆ ಐದರಂತೆ ವಸೂಲು ಮಾಡಬೇಕೆಂದು ವಿಧಿಸಿದ್ದಾನೆ. ನಮ್ಮ ಕಾಲದ ಮೇಜುಗಳಲ್ಲಿ ಪ್ರವೇಶಧನದ ಸುಮಾರು ಹತ್ತರಲ್ಲೊಂದು ಭಾಗವು ಒಡೆಯನಿಗೆ ಸಲ್ಲುತ್ತಿತ್ತು. 2023ರ ಅಕ್ಟೋಬರಿನಿಂದ ಕಟ್ಟಿದ ಹಣದ ಮೇಲೆ ನೂರಕ್ಕೆ 28ರಷ್ಟು ತೆರಿಗೆಯೂ ಬಂದಿತು. ಕೌಟಿಲ್ಯನು ಕಠಿಣನೆಂಬ ಅಪವಾದವನ್ನು ನಾವು ಪುನಃ ಪರಿಶೀಲಿಸಬೇಕು.

ಅನುಶಾಸನಪರ್ವದಲ್ಲಿ ಧರ್ಮರಾಯನು ಭೀಷ್ಮನನ್ನು, ದೈವ ಪುರುಷಕಾರಗಳಲ್ಲಿ ಯಾವುದು ಮೇಲೆಂದು ಕೇಳಿದ ಪ್ರಶ್ನೆಯನ್ನೇ ನಮ್ಮ ನ್ಯಾಯಾಲಯಗಳೂ ಬಹುಕಾಲ ವಿಚಾರಿಸಿದುವು: ಆಟದಲ್ಲಿ ಕೌಶಲವು ಪ್ರಧಾನವೋ, ಅದೃಷ್ಟವು ಪ್ರಧಾನವೋ? ಕೌಶಲಪ್ರಧಾನವಾದ ಆಟವನ್ನು ಜೂಜೆಂದು ನಿಷೇಧಿಸಲಾಗದೆಂಬ ನೆಲೆಯಿಂದ ಕರ್ನಾಟಕದ ಉಚ್ಚನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ರಾಜ್ಯದ ಪೊಲೀಸು ಶಾಸನದ ತಿದ್ದುಪಡಿಯ ಮುಖ್ಯಾಂಶಗಳನ್ನು ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಮಾಡಿದ ಶಾಸನವು ಕೌಶಲವಾಗಲಿ ಅದೃಷ್ಟವಾಗಲಿ ಎರಡೂ ಕೂಡಿದುದಾಗಲಿ, ಹಣ ಕಟ್ಟಿ ಆಡುವ ಅಂತರ್ಜಾಲದ ಆಟಗಳೆಲ್ಲವನ್ನೂ ನಿಷೇಧಿಸಿ, ಭೀಷ್ಮನು ಸಮಾಧಾನ ಹೇಳಬೇಕಾಗಿದ್ದ ಪ್ರಶ್ನೆಯನ್ನೇ ಅನಾವಶ್ಯಕವೆಂದು ಬದಿಗಿಟ್ಟಿತು. ಸಾಲಮಾಡಿ ಆಡಿ ಕೆಟ್ಟ ಸಂಸಾರಗಳನ್ನು ನೆನೆದರೆ, ಆ ಶಾಸನವನ್ನು ದೂರಲು ನನಗೆ ಬಾಯಿ ಬರುವುದಿಲ್ಲ.

ಈಗ ಉಳಿದಿರುವುದು ಹಣವಿಲ್ಲದ ಬಿಟ್ಟಿ ಮೇಜುಗಳು. ಎಲೆಗಳು ಅವೇ, ಯಂತ್ರವು ಅದೇ, ಬಿಲ್ಲೆಗಳು ಮುಗಿದರೆ ಒಡನೆಯೆ ಬೇರೆ ಬಿಲ್ಲೆಗಳು ದೊರೆಯುತ್ತವೆ. ಅಲ್ಲಿ ಯಾರೂ ಯಂತ್ರವನ್ನು ಶಪಿಸುವುದಿಲ್ಲ; ರಿವರಿನಲ್ಲಿ ರಾಜ ಬಂದು ಎಕ್ಕಗಳು ಸೋತರೂ ಹರಟೆಯ ಚೌಕದಲ್ಲಿ ಒಂದು ಅಕ್ಷರ ಮೂಡುವುದಿಲ್ಲ. ಯಾವ ಎಲೆ ಬಂದರೂ ಎಲ್ಲವನ್ನೂ ಒಡ್ಡುತ್ತಾರೆ, ಗೆದ್ದರೂ ಸೋತರೂ ಒಂದೇ ಮುಖದಿಂದ ಮುಂದಿನ ಕೈಗೆ ಕೂರುತ್ತಾರೆ. ಲಾಭಾಲಾಭಗಳಲ್ಲಿ ಸಮರಾದ ಇಷ್ಟು ಜನರ ನಡುವೆ ಹಿಂದೆಂದೂ ಕುಳಿತಿರದ ನಾನು, ಅವರಲ್ಲೊಬ್ಬನನ್ನಾದರೂ ಗೌರವಿಸಲಾರದೆ, ಸ್ವಲ್ಪ ಹೊತ್ತಿಗೆಲ್ಲ ಬೇಸತ್ತು ಎದ್ದುಬಂದಿದ್ದೇನೆ. ಹಣದ ಮೇಜಿನಲ್ಲಿ ಆಸೆಯಿತ್ತು, ತ್ಯಾಗವಿರಲಿಲ್ಲ. ಇಲ್ಲಿ ತ್ಯಜಿಸುವುದಕ್ಕೆ ಆಸೆಯೇ ಇಲ್ಲ. ಗೆಲ್ಲಬೇಕೆಂಬ ಮನಸ್ಸು ಪೂರ್ಣವಾಗಿದ್ದು, ಬುದ್ಧಿಯನ್ನೆಲ್ಲ ಅದಕ್ಕೆ ತೊಡಗಿಸಿ, ಆ ಮೇಲೆ ರಿವರಿನ ಎಲೆಯನ್ನು ಬಂದಂತೆ ಬರಗೊಡುವವನನ್ನು ಈ ಎರಡು ಬಗೆಯ ಮೇಜುಗಳಲ್ಲಿ ಯಾವುದರಲ್ಲಿಯೂ ನಾನು ಕಂಡಿಲ್ಲ.